ಸೋಲಾರ್ ಪ್ಯಾನೆಲ್ ಕೆಳಗೆ ಪಾರಿವಾಳ: ಯೂನಿಟ್ ಇಳಿದಾಗ ದೋಷ ಹುಡುಕುವ ಬಗೆ, ಜಾಲರಿಗೆ ತಗಲುವ ಖರ್ಚು

ತಾರಸಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಇದೆ. ಪ್ಯಾನೆಲ್ ಕೆಳಗೆ ಪಾರಿವಾಳಗಳು ಗುಟುರು ಹಾಕುತ್ತಿವೆ. ತಿಂಗಳ ಯೂನಿಟ್ ಇಳಿದಿದೆ. ಈ ಮೂರೂ ಒಟ್ಟಿಗೆ ಕಂಡ ಕೂಡಲೇ ಮನೆಯವರು ಎಲ್ಲವನ್ನೂ ಹಕ್ಕಿಯ ತಲೆಗೆ ಕಟ್ಟಿ, ಬಲೆ ಹಾಕುವವರಿಗೆ ಫೋನ್ ಮಾಡುತ್ತಾರೆ. ಏಳೆಂಟು ಸಾವಿರ ಖರ್ಚಾದ ಮೇಲೂ ಯೂನಿಟ್ ಏರದಿದ್ದರೆ ಅದು ಬಲೆಯ ತಪ್ಪಲ್ಲ, ದೋಷವೇ ಬೇರೆ ಕಡೆ ಇತ್ತು. ಆದ್ದರಿಂದ ಇಲ್ಲಿ ಮೊದಲು ಪತ್ತೆ, ಆಮೇಲೆ ಜಾಲರಿ.

ಲೆಕ್ಕಕ್ಕೆ ಒಂದು ಅಳತೆ ಇಟ್ಟುಕೊಳ್ಳೋಣ. ಬೆಂಗಳೂರಿನ ಮನೆ, 540 ವ್ಯಾಟ್‌ನ 6 ಪ್ಯಾನೆಲ್ (ಒಟ್ಟು 3.24 ಕಿಲೋವ್ಯಾಟ್), ಆರೂ ಒಂದೇ ಸರಣಿಯಲ್ಲಿ (ಒಂದರ ತಂತಿ ಇನ್ನೊಂದಕ್ಕೆ ಸಾಲಾಗಿ ಜೋಡಿಸಿದ್ದು), ದಕ್ಷಿಣಕ್ಕೆ ಸುಮಾರು 12 ಡಿಗ್ರಿ ಇಳಿಜಾರು. ಇಂಥ ಪ್ಯಾನೆಲ್ ಹೆಚ್ಚುಕಡಿಮೆ 2278 ಮಿ.ಮೀ. ಉದ್ದ, 1134 ಮಿ.ಮೀ. ಅಗಲ ಇರುತ್ತದೆ. ನಿಮ್ಮ ಪ್ಯಾನೆಲ್ ಬೇರೆ ಅಳತೆಯದ್ದಾದರೆ ಹಿಂಬದಿಯ ಲೇಬಲ್ ನೋಡಿ ಅಂಕಿ ಬದಲಿಸಿಕೊಳ್ಳಿ. ವಿಧಾನ ಅದೇ.

ಇಳಿದದ್ದು ನಿಜವೇ?

ಎಸ್ಕಾಂ ಬಿಲ್ ನೋಡಿ ಉತ್ಪಾದನೆ ಅಳೆಯಬೇಡಿ. ನೆಟ್ ಮೀಟರ್ ತೋರಿಸುವುದು ಹೊರಗೆ ಹೋದ ಯೂನಿಟ್ ಮತ್ತು ಒಳಗೆ ಬಂದ ಯೂನಿಟ್ ಮಾತ್ರ. ಹಗಲು ಹೊತ್ತು ಮನೆಯೊಳಗೇ ಖರ್ಚಾದ ಸೋಲಾರ್ ಯೂನಿಟ್ ಅದರಲ್ಲಿ ಕಾಣುವುದೇ ಇಲ್ಲ. ಬೇಸಿಗೆಯಲ್ಲಿ ಒಂದು ಏರ್ ಕಂಡಿಷನರ್ ಜಾಸ್ತಿ ಓಡಿದರೂ ಹೊರಗೆ ಹೋಗುವ ಯೂನಿಟ್ ಕುಸಿಯುತ್ತದೆ. ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಯ ಎಸಿ ಕರೆಂಟಾಗಿ ಬದಲಿಸುವ ಇನ್ವರ್ಟರ್‌ನ ಪರದೆಯಲ್ಲೋ ಆ್ಯಪ್‌ನಲ್ಲೋ ಇರುವ ದಿನದ ಒಟ್ಟು ಉತ್ಪಾದನೆಯನ್ನೇ ಹಿಡಿಯಿರಿ.

ಬೆಂಗಳೂರಿನಲ್ಲಿ ವರ್ಷದ ಸರಾಸರಿ ತೆಗೆದರೆ ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ಸುಮಾರು 4 ಯೂನಿಟ್. ನಮ್ಮ ಅಳತೆಗೆ 13. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ 15 ದಾಟಬಹುದು, ಜುಲೈ ಮೋಡದಲ್ಲಿ 9-10ಕ್ಕೆ ಇಳಿಯಬಹುದು. ಮಾರ್ಚ್‌ಗೂ ಜುಲೈಗೂ ಹೋಲಿಸಿದರೆ ಯಾವ ಹಕ್ಕಿಯೂ ಇಲ್ಲದೆ ಮೂರನೇ ಒಂದು ಭಾಗ ಮಾಯ. ಕಳೆದ ವರ್ಷದ ಇದೇ ತಿಂಗಳಿನೊಂದಿಗೆ ಹೋಲಿಸಿ. ಹೊಸ ಘಟಕವಾದರೆ ಅದೇ ಬೀದಿಯ ಇನ್ನೊಂದು ಮನೆಯ ಅಂಕಿಯನ್ನು ಕಿಲೋವ್ಯಾಟ್‌ನಿಂದ ಭಾಗಿಸಿ ನೋಡಿ.

ಇಳಿಕೆ ಹೇಗೆ ಆಯಿತು

ಆ್ಯಪ್‌ನಲ್ಲಿ ಮೋಡವಿಲ್ಲದ ಒಂದು ದಿನದ ರೇಖೆ ತೆರೆಯಿರಿ. ಚೆನ್ನಾಗಿರುವ ಘಟಕದ ರೇಖೆ ನುಣುಪಾಗಿ ಏರಿ, ನೆತ್ತಿ ಮುಟ್ಟಿ, ನುಣುಪಾಗಿ ಇಳಿಯುತ್ತದೆ.

ಹನ್ನೊಂದರಿಂದ ಎರಡರ ಒಳಗೆ ರೇಖೆ ಸೊನ್ನೆಗೆ ಬಿದ್ದು, ಕೆಲವು ನಿಮಿಷ ಬಿಟ್ಟು ಎದ್ದು, ಮತ್ತೆ ಬೀಳುತ್ತಿದ್ದರೆ ಅದು ಗ್ರಿಡ್ ವೋಲ್ಟೇಜ್. ಬೀದಿಯಲ್ಲಿ ಸೋಲಾರ್ ಮನೆಗಳು ಹೆಚ್ಚಾದಂತೆ ಮಧ್ಯಾಹ್ನ ಲೈನ್ ವೋಲ್ಟೇಜ್ ಏರುತ್ತದೆ. 230ರ ಮೇಲೆ ಶೇ. 10 ಸೇರಿಸಿದರೆ 253 ವೋಲ್ಟ್. ಅದರ ಆಸುಪಾಸಿನಲ್ಲಿ ಇನ್ವರ್ಟರ್ ತಾನೇ ಕೈಬಿಡುತ್ತದೆ. ಆಗ ದೂರು ಹೋಗಬೇಕಾದ್ದು ಎಸ್ಕಾಂಗೆ, ಇಲ್ಲವೇ ಎಸಿ ಕೇಬಲ್ ತೆಳುವಾಯಿತೇ ಎಂದು ಸ್ಥಾಪಿಸಿದವರನ್ನು ಕೇಳಬೇಕು. ಪಾರಿವಾಳಕ್ಕೂ ಇದಕ್ಕೂ ಸಂಬಂಧವಿಲ್ಲ.

ಮಳೆ ಬಂದ ಮರುದಿನ ಬೆಳಿಗ್ಗೆ ಇನ್ವರ್ಟರ್ ಏಳುವುದೇ ಇಲ್ಲ, ಹತ್ತು ಗಂಟೆಯ ಹೊತ್ತಿಗೆ ಏನೂ ಆಗದವರಂತೆ ಓಡುತ್ತದೆ. ಪರದೆಯಲ್ಲಿ ಐಸೋಲೇಷನ್ ಅಥವಾ ಇನ್ಸುಲೇಷನ್ ದೋಷದ ಸಂದೇಶ ಬಂದಿರುತ್ತದೆ. ಎಲ್ಲೋ ಡಿಸಿ ತಂತಿಯ ಹೊದಿಕೆ ಕೆಟ್ಟು, ತೇವ ಇದ್ದಾಗ ಭೂಮಿಗೆ ಸೋರುತ್ತಿದೆ ಎಂದರ್ಥ. ಇಲ್ಲಿ ಪ್ರಾಣಿಯ ಕೈವಾಡ ಸಾಧ್ಯ, ಆದರೆ ಪಾರಿವಾಳದ್ದಕ್ಕಿಂತ ಅಳಿಲಿನದ್ದು ಹೆಚ್ಚು.

ವಾರಗಟ್ಟಲೆ ಒಂದೇ ಸಮನೆ ಸ್ವಲ್ಪ ಸ್ವಲ್ಪವೇ ಇಳಿಯುತ್ತ ಬಂದು, ಒಂದು ಜೋರು ಮಳೆಗೆ ಮತ್ತೆ ಏರಿದರೆ ಧೂಳು. ಮಳೆಯ ಮೇಲೂ ಏರದೆ ಉಳಿದರೆ ಹಿಕ್ಕೆ. ಒಣಗಿದ ಹಿಕ್ಕೆ ಸಣ್ಣ ಮಳೆಗೆ ಕದಲುವುದಿಲ್ಲ.

ಇಡೀ ರೇಖೆ ಒಂದು ದಿನದಿಂದ ಇನ್ನೊಂದು ದಿನಕ್ಕೆ ಮೆಟ್ಟಿಲಿನಂತೆ ಕೆಳಗಿಳಿದು ಅಲ್ಲೇ ನಿಂತಿದೆ ಎಂದಾದರೆ ಎಷ್ಟು ಇಳಿದಿದೆ ಎಂದು ಅಳೆಯಿರಿ. ಸುಮಾರು ಶೇ. 5.5 ಆದರೆ ಅದಕ್ಕೊಂದು ನಿಖರ ಕಾರಣವಿದೆ. ಪ್ರತಿ ಪ್ಯಾನೆಲ್‌ನಲ್ಲಿ ಮೂರು ಬೈಪಾಸ್ ಡಯೋಡ್ ಇರುತ್ತವೆ, ಒಂದೊಂದೂ ಪ್ಯಾನೆಲ್‌ನ ಮೂರನೇ ಒಂದು ಭಾಗವನ್ನು ಕಾಯುತ್ತದೆ. ಒಂದು ಸೆಲ್ (ಪ್ಯಾನೆಲ್‌ನೊಳಗಿನ ಸಣ್ಣ ಚೌಕ) ಮೇಲೆ ದಪ್ಪ ಹಿಕ್ಕೆ ಕೂತರೆ ಆ ಸೆಲ್ ಮೂಲಕ ಕರೆಂಟ್ ಹರಿಯುವುದು ಕಷ್ಟ. ಡಯೋಡ್ ತೆರೆದುಕೊಂಡು, ಕರೆಂಟ್ ಆ ಮೂರನೇ ಒಂದು ಭಾಗವನ್ನೇ ಬಿಟ್ಟು ಪಕ್ಕದ ದಾರಿಯಲ್ಲಿ ಮುಂದೆ ಹೋಗುತ್ತದೆ. ಆರು ಪ್ಯಾನೆಲ್‌ನ ಹದಿನೆಂಟು ಭಾಗಗಳಲ್ಲಿ ಒಂದು ಹೋಯಿತು, ಅಂದರೆ ಶೇ. 5.5. ಅಂಗೈಯಷ್ಟು ಹಿಕ್ಕೆ ಆರೂ ಪ್ಯಾನೆಲ್‌ನ ಒಟ್ಟು ಗಾಜಿನ ಸಾವಿರದಲ್ಲಿ ಒಂದೆರಡು ಪಾಲೂ ಮುಚ್ಚಿರುವುದಿಲ್ಲ, ಹೋಗುವುದು ಮಾತ್ರ ಇಷ್ಟು. ಧೂಳು ಎಲ್ಲ ಸೆಲ್‌ಗಳ ಮೇಲೂ ಸಮನಾಗಿ ಕೂರುವುದರಿಂದ ಈ ಮೆಟ್ಟಿಲು ಬರುವುದಿಲ್ಲ.

ಇನ್ವರ್ಟರ್‌ನ ಎರಡು ಅಂಕಿ ಸಾಕು

ತಾರಸಿ ಹತ್ತುವ ಮೊದಲೇ ಮುಕ್ಕಾಲು ಪತ್ತೆ ಇಲ್ಲಿ ಮುಗಿಯುತ್ತದೆ. ಬಿಸಿಲಿನ ದಿನ ಹನ್ನೆರಡರ ಸುಮಾರಿಗೆ ಡಿಸಿ ಬದಿಯ ವೋಲ್ಟೇಜ್ ಮತ್ತು ಕರೆಂಟ್ ಎರಡನ್ನೂ ಬರೆದುಕೊಳ್ಳಿ. ಲೇಬಲ್ ಪ್ರಕಾರ ಈ ಪ್ಯಾನೆಲ್‌ನ ಕೆಲಸದ ವೋಲ್ಟೇಜ್ 41 ವೋಲ್ಟ್ ಆಸುಪಾಸು, ಕರೆಂಟ್ 13 ಆಂಪಿಯರ್. ಆದರೆ ಲೇಬಲ್ ಅಂಕಿ 25 ಡಿಗ್ರಿ ಸೆಲ್ ತಾಪಕ್ಕೆ. ಬಿಸಿಲಲ್ಲಿ ಸೆಲ್ 60 ಡಿಗ್ರಿ ಮುಟ್ಟುತ್ತದೆ, ವೋಲ್ಟೇಜ್ ಶೇ. 10-12 ಇಳಿಯುತ್ತದೆ. ಹಾಗಾಗಿ ಆರು ಪ್ಯಾನೆಲ್‌ಗೆ 250 ಅಲ್ಲ, 220 ವೋಲ್ಟ್ ಕಂಡರೆ ಅದು ಸರಿಯಾದದ್ದೇ. ಇದನ್ನು ತಿಳಿಯದೆ "30 ವೋಲ್ಟ್ ಕಮ್ಮಿ ಇದೆ, ಒಂದು ಪ್ಯಾನೆಲ್ ಹೋಗಿದೆ" ಎಂದು ಹೇಳುವ ತಂತ್ರಜ್ಞರೂ ಇದ್ದಾರೆ.

ಈಗ ಓದುವ ಬಗೆ. ವೋಲ್ಟೇಜ್ ಎಂದಿನಂತಿದ್ದು ಕರೆಂಟ್ ಕಡಿಮೆ ಇದ್ದರೆ ಎಲ್ಲ ಪ್ಯಾನೆಲ್ ಮೇಲೂ ಸಮನಾದ ಧೂಳು ಅಥವಾ ತೆಳು ಮೋಡ. ಕರೆಂಟ್ ಎಂದಿನಂತಿದ್ದು ವೋಲ್ಟೇಜ್ 12-13 ವೋಲ್ಟ್ ಕಡಿಮೆ (220ರ ಬದಲು 207) ಇದ್ದರೆ ಒಂದು ಬೈಪಾಸ್ ತೆರೆದಿದೆ. 25 ಕಡಿಮೆ ಇದ್ದರೆ ಎರಡು. ಬೈಪಾಸ್ ತೆರೆದದ್ದು ಹಿಕ್ಕೆಯಿಂದಲೋ, ಸುಟ್ಟ ಡಯೋಡ್‌ನಿಂದಲೋ ಎಂಬುದು ಇನ್ನೂ ಗೊತ್ತಾಗಿಲ್ಲ. ಅದಕ್ಕೆ ಮುಂದಿನ ಪರೀಕ್ಷೆ.

ತೊಳೆದು ನೋಡುವ ಪರೀಕ್ಷೆ

ಇದಕ್ಕೆ ಖರ್ಚು ಒಂದು ಬಕೆಟ್ ನೀರು. ಹಿಂದಿನ ದಿನ ಮಧ್ಯಾಹ್ನದ ಎರಡು ಅಂಕಿ ಬರೆದಿಟ್ಟು, ಮರುದಿನ ಬೆಳಿಗ್ಗೆ ಏಳರ ಒಳಗೆ ಹಿಕ್ಕೆ ಇರುವ ಜಾಗಕ್ಕೆ ಒದ್ದೆ ಬಟ್ಟೆ ಹಾಸಿ ಹತ್ತು ಹದಿನೈದು ನಿಮಿಷ ನೆನೆಯಲು ಬಿಡಿ. ಮೆತ್ತಗಾದ ಮೇಲೆ ಸ್ಪಂಜಿನಿಂದ ಒರೆಸಿ. ತಂತಿ ಬ್ರಷ್, ಸ್ಕ್ರಬ್ಬರ್, ಆ್ಯಸಿಡ್, ವಾಷಿಂಗ್ ಸೋಡಾ ಯಾವುದೂ ಬೇಡ, ಗಾಜಿನ ಮೇಲಿನ ಪ್ರತಿಫಲನ ತಡೆಯುವ ಲೇಪ ಹೋಗುತ್ತದೆ. ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಎರಚಬೇಡಿ. ಬೋರ್‌ವೆಲ್ ನೀರು ಒಣಗಿದರೆ ಬಿಳಿ ಸುಣ್ಣದ ಕಲೆ ಬಿಡುತ್ತದೆ, ಕೊನೆಯ ನೀರು ಕಾವೇರಿಯದ್ದೋ ಮಳೆಯದ್ದೋ ಆಗಿರಲಿ. ಪ್ಯಾನೆಲ್ ಮೇಲೆ ಕಾಲಿಡಬೇಡಿ. ಗಾಜು ಒಡೆಯದಿದ್ದರೂ ಒಳಗಿನ ಸೆಲ್ ಬಿರುಕು ಬಿಡುತ್ತದೆ, ಅದು ಕಣ್ಣಿಗೆ ಕಾಣದು.

ಅಂದೇ ಮಧ್ಯಾಹ್ನ ಅದೇ ಹೊತ್ತಿಗೆ ವೋಲ್ಟೇಜ್ ಮತ್ತೆ 220ಕ್ಕೆ ಏರಿದರೆ ದೋಷ ಹಿಕ್ಕೆಯದ್ದು, ಜಾಲರಿ ಅಥವಾ ಸ್ಪೈಕ್‌ಗೆ (ಹಕ್ಕಿ ಕೂರದಂತೆ ತಡೆಯುವ ಮುಳ್ಳಿನ ಪಟ್ಟಿ) ಖರ್ಚು ಮಾಡುವುದರಲ್ಲಿ ಅರ್ಥವಿದೆ. 207ರಲ್ಲೇ ನಿಂತರೆ ಡಯೋಡ್, ಸುಟ್ಟ ಸೆಲ್ ಅಥವಾ ನೆರಳು. ಹೊಸದಾಗಿ ಬಂದ ಡಿಶ್, ಪಕ್ಕದ ಮನೆಯ ಹೊಸ ಮಹಡಿ, ಬೆಳೆದ ತೆಂಗಿನ ಗರಿ, ಇವನ್ನೂ ಒಮ್ಮೆ ನೋಡಿ.

ತೊಳೆಯುವಾಗಲೇ ಒಂದು ವಿಷಯ ಗಮನಿಸಿ: ಹಿಕ್ಕೆ ಎಲ್ಲಿ ಬಿದ್ದಿದೆ? ಪ್ಯಾನೆಲ್‌ನ ಮೇಲಂಚಿನ ಉದ್ದಕ್ಕೂ ಸಾಲಾಗಿದ್ದರೆ ಹಕ್ಕಿ ಆ ಅಂಚಿನ ಮೇಲೇ ಕೂರುತ್ತಿದೆ. ಒಂದೇ ಕಡೆ ಗುಂಪಾಗಿದ್ದರೆ ತಲೆ ಎತ್ತಿ ನೋಡಿ, ನೇರ ಮೇಲೆ ಕೇಬಲ್ ಟಿವಿ ತಂತಿಯೋ ನೀರಿನ ಟ್ಯಾಂಕಿನ ಅಂಚೋ ಇರುತ್ತದೆ. ಹಾಗಿದ್ದಾಗ ಪ್ಯಾನೆಲ್ ಕೆಳಗೆ ಎಷ್ಟು ಸಾವಿರದ ಜಾಲರಿ ಹಾಕಿದರೂ ಮೇಲಿನ ಹಿಕ್ಕೆ ನಿಲ್ಲುವುದಿಲ್ಲ. ತಂತಿ ಪಕ್ಕಕ್ಕೆ ಸರಿಸುವುದೇ ಮದ್ದು.

ಕೆಳಗೆ ಬಗ್ಗಿ ನೋಡುವಾಗ

ಮೊದಲು ಎಸಿ ಎಂಸಿಬಿ ಆಫ್, ಆಮೇಲೆ ಡಿಸಿ ಐಸೋಲೇಟರ್ (ಪ್ಯಾನೆಲ್ ಬದಿಯ ಸ್ವಿಚ್) ಆಫ್. ಇಷ್ಟಾದರೂ ಬಿಸಿಲಿರುವವರೆಗೆ ಪ್ಯಾನೆಲ್ ತಂತಿಯಲ್ಲಿ 250-300 ವೋಲ್ಟ್ ಡಿಸಿ ಇದ್ದೇ ಇರುತ್ತದೆ. ಕರೆಂಟ್ ಹರಿಯುತ್ತಿರುವಾಗ ಎಂಸಿ4 ಕನೆಕ್ಟರ್ (ಪ್ಯಾನೆಲ್ ತಂತಿಗಳನ್ನು ಜೋಡಿಸುವ ಪ್ಲಗ್) ಎಳೆದರೆ ಕಿಡಿ ಹೊತ್ತಿಕೊಳ್ಳುತ್ತದೆ, ಡಿಸಿ ಕಿಡಿ ಎಸಿಯಂತೆ ತಾನೇ ಆರುವುದಿಲ್ಲ. ಇಲ್ಲಿಂದ ಮುಂದಿನ ಮೀಟರ್ ಕೆಲಸ ಸೋಲಾರ್ ಬಲ್ಲ ಎಲೆಕ್ಟ್ರಿಷಿಯನ್‌ನದ್ದು. ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಡಿ ಹಾಕಿಸಿದ್ದರೆ ಐದು ವರ್ಷದ ನಿರ್ವಹಣೆ ಸ್ಥಾಪಿಸಿದವರ ಹೊಣೆ, ಅವರನ್ನೇ ಕರೆಯಿರಿ. ಜಾಲರಿ ಹಾಕುವ ಮೊದಲೇ ಕರೆಯಿರಿ. ಹಾಕಿದ ಮೇಲೆ ಕರೆದರೆ "ಜಾಲರಿಯವರು ತಂತಿ ಎಳೆದಿದ್ದಾರೆ" ಎಂಬ ಮಾತು ಬರುತ್ತದೆ.

ಕಣ್ಣಿಗೆ ಕಾಣುವಂಥದ್ದು: ಪಾರಿವಾಳ ತಂತಿ ಕಡಿಯುವುದಿಲ್ಲ. ಅದು ಕಡ್ಡಿ ಪೇರಿಸುತ್ತದೆ, ಜೋತುಬಿದ್ದ ತಂತಿಯ ಮೇಲೆ ಕೂರುತ್ತದೆ, ಕನೆಕ್ಟರ್ ಮೇಲೆ ಹಿಕ್ಕೆ ಹಾಕುತ್ತದೆ. ಗೂಡಿನ ಕಸ ಮಳೆನೀರು ಹಿಡಿದಿಟ್ಟುಕೊಂಡು ಕನೆಕ್ಟರನ್ನು ದಿನಗಟ್ಟಲೆ ಒದ್ದೆಯಾಗಿಯೇ ಇಡುತ್ತದೆ. ತಂತಿಯ ಕಪ್ಪು ಹೊದಿಕೆ ಸಣ್ಣ ಹಲ್ಲಿನ ಗುರುತಿನೊಂದಿಗೆ ಕೆತ್ತಿಹೋಗಿ ತಾಮ್ರ ಮಿಂಚುತ್ತಿದ್ದರೆ ಅದು ಅಳಿಲು ಅಥವಾ ಇಲಿ. ಈ ವ್ಯತ್ಯಾಸದ ಮೇಲೆ ನಿಮ್ಮ ಖರ್ಚು ನಿಂತಿದೆ. ಪಾರಿವಾಳಕ್ಕೆ 50 ಮಿ.ಮೀ. ಕಣ್ಣಿನ ನೈಲಾನ್ ಬಲೆ ಸಾಕು. ಅಳಿಲಿಗೆ ನೈಲಾನ್ ಒಂದು ತಡೆಯೇ ಅಲ್ಲ, ಕಡಿದು ಒಳಹೋಗುತ್ತದೆ. ಅದಕ್ಕೆ ಅರ್ಧ ಇಂಚಿನ (12.5 ಮಿ.ಮೀ.) ಲೋಹದ ಜಾಲರಿಯೇ ಆಗಬೇಕು. ಕೋತಿಗಳ ಕಾಟವಿರುವ ಊರುಗಳಲ್ಲಿ ಈ ಎರಡೂ ಉಪಯೋಗಕ್ಕಿಲ್ಲ, ಅದು ಬೇರೆಯೇ ಪ್ರಕರಣ.

ಸೋರಿಕೆ ಯಾವ ಪ್ಯಾನೆಲ್ ಹತ್ತಿರ?

ಐಸೋಲೇಷನ್ ದೋಷ ಬಂದಾಗ ಆರೂ ಪ್ಯಾನೆಲ್ ಬಿಚ್ಚುವ ಅಗತ್ಯವಿಲ್ಲ. ತೇವ ಇರುವಾಗಲೇ, ಅಂದರೆ ಬೆಳಿಗ್ಗೆ ಬೇಗ ಅಥವಾ ತಂತಿಯ ಮೇಲೆ ನೀರು ಚಿಮುಕಿಸಿ, ಇನ್ವರ್ಟರ್‌ನಿಂದ ಸರಣಿಯ ಎರಡೂ ತುದಿ ಬೇರ್ಪಡಿಸಿ ಮೂರು ಅಳತೆಗಳನ್ನು ಎಲೆಕ್ಟ್ರಿಷಿಯನ್‌ನಿಂದಲೇ ತೆಗೆಸಿ: ಪ್ಲಸ್-ಮೈನಸ್ ನಡುವೆ, ಪ್ಲಸ್-ಅರ್ಥ್ ನಡುವೆ, ಮೈನಸ್-ಅರ್ಥ್ ನಡುವೆ. ಸೋರಿಕೆ ಇಲ್ಲದಿದ್ದರೆ ಅರ್ಥ್‌ನೊಂದಿಗಿನ ಎರಡೂ ಅಂಕಿ ನಿಲ್ಲದೆ ಸೊನ್ನೆಯತ್ತ ಜಾರುತ್ತವೆ. ಸೋರಿಕೆ ಇದ್ದರೆ ಸ್ಥಿರವಾಗಿ ನಿಲ್ಲುತ್ತವೆ, ಕೂಡಿದರೆ ಒಟ್ಟು ವೋಲ್ಟೇಜ್ ಬರುತ್ತದೆ.

ಉದಾಹರಣೆಗೆ ಒಟ್ಟು 270, ಅಂದರೆ ಪ್ಯಾನೆಲ್‌ಗೆ 45 ವೋಲ್ಟ್. ಪ್ಲಸ್-ಅರ್ಥ್ 90, ಮೈನಸ್-ಅರ್ಥ್ 180 ಬಂದರೆ, 90ನ್ನು 45ರಿಂದ ಭಾಗಿಸಿ: 2. ಪ್ಲಸ್ ತುದಿಯಿಂದ ಎಣಿಸಿ ಎರಡನೇ ಮತ್ತು ಮೂರನೇ ಪ್ಯಾನೆಲ್ ನಡುವಿನ ತಂತಿ ಅಥವಾ ಕನೆಕ್ಟರ್ ನೋಡಿ. ಪ್ಲಸ್-ಅರ್ಥ್ ಸೊನ್ನೆ, ಮೈನಸ್-ಅರ್ಥ್ 270 ಬಂದರೆ ಪ್ಯಾನೆಲ್‌ನಿಂದ ಡಿಸಿ ಬಾಕ್ಸ್‌ಗೆ ಇಳಿಯುವ ಪ್ಲಸ್ ತಂತಿಯೇ ಎಲ್ಲೋ ಉಜ್ಜಿಹೋಗಿದೆ. ದುರಸ್ತಿಯ ಮೇಲೆ 500 ವೋಲ್ಟ್ ಮೆಗ್ಗರ್‌ನಲ್ಲಿ (ಇನ್ಸುಲೇಷನ್ ಅಳೆಯುವ ಮೀಟರ್) ಕನಿಷ್ಠ 1 ಮೆಗಾ ಓಮ್ ಬರಬೇಕು. ಕಡಿದ ತಂತಿಗೆ ಇನ್ಸುಲೇಷನ್ ಟೇಪ್ ಸುತ್ತಿ ಮುಗಿಸುವುದು ಬೇಡ, ಮುಂದಿನ ಮಳೆಗೆ ಅದೇ ಕಥೆ. 4 ಚದರ ಮಿ.ಮೀ. ಸೋಲಾರ್ ಡಿಸಿ ತಂತಿಯ ತುಂಡು, ಎರಡೂ ತುದಿಗೆ ಒಂದೇ ಕಂಪನಿಯ ಎಂಸಿ4 ಜೋಡಿ, ಸರಿಯಾದ ಕ್ರಿಂಪಿಂಗ್ ಇಕ್ಕಳ, ಇಷ್ಟು ಬೇಕು.

ಡಯೋಡ್ ಅನುಮಾನವಿದ್ದರೆ ಒಂದೊಂದು ಪ್ಯಾನೆಲ್ ಪ್ರತ್ಯೇಕವಾಗಿ ಅಳೆಸಿ. ಐದರಲ್ಲಿ 45 ಬಂದು ಒಂದರಲ್ಲಿ 30 ಬಂದರೆ ಆ ಪ್ಯಾನೆಲ್‌ನ ಒಂದು ಡಯೋಡ್ ಶಾರ್ಟ್ ಆಗಿದೆ. ಗಮನಿಸಿ, ಹಿಕ್ಕೆ ಎಷ್ಟೇ ಇದ್ದರೂ ಕರೆಂಟ್ ಹರಿಯದ ಸ್ಥಿತಿಯ ಈ ವೋಲ್ಟೇಜ್ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಇಲ್ಲಿ ಕಡಿಮೆ ಬಂತೆಂದರೆ ಅದು ಪ್ಯಾನೆಲ್‌ನ ದೋಷ, ತೊಳೆಯುವುದರಿಂದ ಹೋಗದು.

ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ಹಿಕ್ಕೆ ಕೂತಿದ್ದರೆ ಆ ಸೆಲ್ ಬಿಸಿಯಾಗಿ ಹಿಂಬದಿಯ ಹಾಳೆ ಉಬ್ಬಿರಬಹುದು, ಕಂದು ಕಲೆ ಬಿದ್ದಿರಬಹುದು. ಇನ್ಫ್ರಾರೆಡ್ ಥರ್ಮಾಮೀಟರ್ ಗನ್ ಹಿಡಿದು ಘಟಕ ಓಡುತ್ತಿರುವಾಗ ಪ್ಯಾನೆಲ್ ಹಿಂಬದಿಯಲ್ಲಿ ಸೆಲ್‌ನಿಂದ ಸೆಲ್‌ಗೆ ನೋಡಿ. ಅಕ್ಕಪಕ್ಕದ್ದಕ್ಕಿಂತ 20 ಡಿಗ್ರಿ ಹೆಚ್ಚು ತೋರಿಸುವ ಸೆಲ್ ತೊಳೆದ ಮೇಲೂ ಹಾಗೇ ಇದ್ದರೆ ಫೋಟೊ ತೆಗೆದು ವಾರಂಟಿಗೆ ಬರೆಯಿರಿ. ಅದರ ಕೆಳಗೆ ಒಣ ಕಡ್ಡಿಯ ಗೂಡು ಇದ್ದರೆ ಅಂದೇ ತೆಗೆಯುವ ವ್ಯವಸ್ಥೆ ಆಗಲಿ.

ಗೂಡು ತೆಗೆಯುವುದು

ಬರೀ ಕಡ್ಡಿ ಇದ್ದರೆ ಕೂಡಲೇ ತೆಗೆಯಬಹುದು. ಮೊಟ್ಟೆ ಇದ್ದರೆ ಲೆಕ್ಕ ಹಾಕಿ: ಸಾಮಾನ್ಯವಾಗಿ ಎರಡು ಮೊಟ್ಟೆ, ಕಾವು 17-19 ದಿನ, ಮರಿ ಹಾರಲು ಇನ್ನೊಂದು ತಿಂಗಳು. ಒಟ್ಟು ಏಳು ವಾರ. ಮರಿ ಒಳಗಿರುವಾಗ ಜಾಲರಿ ಮುಚ್ಚಿದರೆ ಅದು ಒಳಗೇ ಸತ್ತು ಕೊಳೆಯುತ್ತದೆ, ತಾಯಿ ಹಕ್ಕಿ ಜಾಲರಿಗೆ ಬಡಿದುಕೊಳ್ಳುತ್ತದೆ, ಬಿಚ್ಚಿ ಮತ್ತೆ ಕಟ್ಟಲು ಇನ್ನೊಂದು ದಿನದ ಕೂಲಿ. ಮರಿ ಹಾರಿದ ಮೇಲೆ ತಡಮಾಡಬೇಡಿ, ಪಾರಿವಾಳ ಅದೇ ಜಾಗದಲ್ಲಿ ಮತ್ತೆ ಮೊಟ್ಟೆ ಇಡಲು ಹೆಚ್ಚು ದಿನ ಕಾಯುವುದಿಲ್ಲ.

ಒಣ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಬೇಡಿ. ಅದರ ಧೂಳಿನಿಂದ ಶ್ವಾಸಕೋಶಕ್ಕೆ ಅಲರ್ಜಿಯ ಉರಿಯೂತ, ಶಿಲೀಂಧ್ರ ಸೋಂಕು ಬರುತ್ತವೆ. ನೀರು ಚಿಮುಕಿಸಿ ತೇವ ಮಾಡಿ, ಎನ್95 ಮಾಸ್ಕ್ ಮತ್ತು ಕೈಗವಸು ಹಾಕಿ, ಎರಡು ಪದರದ ಚೀಲಕ್ಕೆ ತುಂಬಿ ಬಾಯಿ ಕಟ್ಟಿ. ಆಸ್ತಮಾ ಇರುವವರು ಈ ಕೆಲಸಕ್ಕೆ ಇಳಿಯದಿರುವುದೇ ಒಳ್ಳೆಯದು.

ಯಾವ ಛಾವಣಿಗೆ ಯಾವ ತಡೆ, ಎಷ್ಟು ಖರ್ಚು

ಇಂಟರ್ನೆಟ್‌ನಲ್ಲಿ ಕಾಣುವ ವಿದೇಶಿ ವಿಡಿಯೊಗಳೆಲ್ಲ ಇಳಿಜಾರು ಛಾವಣಿಗೆ ಅಂಟಿದಂತಿರುವ ಪ್ಯಾನೆಲ್‌ಗೆ ಸುತ್ತ ಜಾಲರಿ ಹಾಕುವಂಥವು. ನಮ್ಮಲ್ಲಿ ಬಹುತೇಕ ಪ್ಯಾನೆಲ್ ಸಮತಟ್ಟು ತಾರಸಿಯ ಮೇಲೆ ಕಂಬ ಎತ್ತಿ ಹಾಕಿದ್ದು. ಅದಕ್ಕೆ ಆ ಲೆಕ್ಕ ಹೊಂದುವುದಿಲ್ಲ. ಕೆಳಗಿನ ದರಗಳು ಅಂದಾಜಿನವು, ಗೇಜ್ (ಜಾಲರಿ ತಂತಿಯ ದಪ್ಪ) ಮತ್ತು ಅಂಗಡಿ ನೋಡಿ ಏರಿಳಿಯುತ್ತವೆ. ಅಳತೆಗಳು ಮಾತ್ರ ಖಚಿತ: ಮೂರು ಅಡ್ಡ, ಎರಡು ಉದ್ದದಂತೆ ಜೋಡಿಸಿದ ಆರು ಪ್ಯಾನೆಲ್ ನಡುವಿನ ಸಂದು ಸೇರಿ 3.44 ಮೀಟರ್ ಅಗಲ, 4.58 ಮೀಟರ್ ಉದ್ದ, ಸುತ್ತಳತೆ 16 ಮೀಟರ್.

ಹೆಂಚು ಅಥವಾ ಶೀಟ್ ಛಾವಣಿಗೆ ಹತ್ತಿರದ ಪ್ಯಾನೆಲ್, 10-15 ಸೆಂ.ಮೀ. ಸಂದು. 3 ಅಡಿ ಅಗಲದ, ಪಿವಿಸಿ ಲೇಪದ ಜಿಐ (ಸತು ಲೇಪಿಸಿದ ಉಕ್ಕಿನ) ವೆಲ್ಡ್ ಜಾಲರಿಯನ್ನು ಉದ್ದಕ್ಕೆ ಮೂರಾಗಿ ಕತ್ತರಿಸಿದರೆ 30 ಸೆಂ.ಮೀ. ಪಟ್ಟಿ ಸಿಗುತ್ತದೆ. 20 ಅಡಿ ಜಾಲರಿ ಕೊಂಡರೆ 18 ಮೀಟರ್ ಪಟ್ಟಿ, 16 ಮೀಟರ್ ಸುತ್ತಿಗೆ ಮೂಲೆಯ ಮಡಿಕೆ ಸೇರಿ ಸರಿಹೋಗುತ್ತದೆ. ಜಾಲರಿಗೆ 1,000-1,600 ರೂ. ಪ್ರತಿ 45 ಸೆಂ.ಮೀ.ಗೆ ಒಂದರಂತೆ ಫ್ರೇಮಿನ ಒಳಅಂಚಿಗೆ ಸಿಕ್ಕಿಸುವ ಕೊಕ್ಕೆ ಕ್ಲಿಪ್, ಮೂಲೆಗೆ ಎರಡೆರಡು, ಒಟ್ಟು 45. ಅದಕ್ಕೆ 700-1,350. ಇಳಿಜಾರಿನಲ್ಲಿ ಹಗ್ಗ ಕಟ್ಟಿಕೊಂಡು ಕೆಲಸ ಮಾಡುವ ಇಬ್ಬರ ಕೂಲಿ 2,500-3,500. ಕೇಬಲ್ ಟೈ ಸೇರಿ 4,400ರಿಂದ 6,600 ರೂ.

ತಾರಸಿಯ ತಗ್ಗು ಸ್ಟ್ರಕ್ಚರ್, ಮುಂದೆ 30 ಸೆಂ.ಮೀ., ಹಿಂದೆ 1.25 ಮೀಟರ್. ಒಳಗೆ ನುಸುಳಿ ಕೆಲಸ ಮಾಡಲು ಆಗದ್ದರಿಂದ ನಾಲ್ಕೂ ಬದಿ ಮುಚ್ಚಬೇಕು. ಕೆಳಅಂಚನ್ನು ಹಿಡಿಸಲು ತಾರಸಿಗೆ ಡ್ರಿಲ್ ಹಾಕಲು ಬಿಡಬೇಡಿ, ವಾಟರ್‌ಪ್ರೂಫಿಂಗ್ ಒಡೆದು ಕೆಳಗಿನ ಕೋಣೆಗೆ ನೀರಿಳಿಯುತ್ತದೆ. ಜಾಲರಿಯ ಕೊನೆಯ 15 ಸೆಂ.ಮೀ. ಹೊರಕ್ಕೆ ಮಡಿಸಿ ಸಿಮೆಂಟ್ ಇಟ್ಟಿಗೆ ಹೇರಿ. ಆ ಮಡಿಕೆ ಸೇರಿ ಸುಮಾರು 14.7 ಚದರ ಮೀಟರ್, ಪಕ್ಕದ ತ್ರಿಕೋನದಲ್ಲಿ ಪೋಲಾಗುವುದೂ ಸೇರಿ 17. 4 ಅಡಿ ಅಗಲ, 50 ಅಡಿ ಉದ್ದದ ಒಂದು ರೋಲ್ 18.6 ಚದರ ಮೀಟರ್ ಬರುತ್ತದೆ. ಆದರೆ 4 ಅಡಿ ಅಂದರೆ 1.22 ಮೀಟರ್, ಹಿಂಬದಿಗೆ ಬೇಕಾದ್ದು ಮಡಿಕೆ ಸೇರಿ 1.40. ಅಲ್ಲಿ ಇನ್ನೊಂದು ಪಟ್ಟಿ ಜೋಡಿಸಲೇಬೇಕು. "ಒಂದೇ ಅಗಲ ಸಾಕು" ಎಂದು ಎಳೆದು ಕಟ್ಟಿದವರ ಕೆಲಸದಲ್ಲಿ ಕೆಳಗೆ ಒಂದು ಗೇಣು ಸಂದು ಉಳಿದಿರುತ್ತದೆ. ರೋಲ್‌ಗೆ 3,500-5,000, ಕ್ಲಿಪ್ 700-1,350, ಟೈ ಮತ್ತು ಇಟ್ಟಿಗೆ 300-400, ಕೂಲಿ 2,000-3,000: ಒಟ್ಟು 6,500ರಿಂದ 9,750 ರೂ.

ಎತ್ತರದ ಸ್ಟ್ರಕ್ಚರ್, ಕೆಳಗೆ ಬಟ್ಟೆ ಒಣಗಿಸುವಷ್ಟು ಜಾಗ. ಇಲ್ಲಿ ಬದಿ ಮುಚ್ಚುವುದು ದಂಡ. ಹಕ್ಕಿ ಕೂರುವುದು ಪ್ಯಾನೆಲ್ ಮತ್ತು ಅಡ್ಡಪಟ್ಟಿಯ ನಡುವಿನ ಸಂದಿಯಲ್ಲಿ. ಅಡ್ಡಪಟ್ಟಿಗಳ ಕೆಳಗೆ ಪ್ಯಾನೆಲ್‌ಗೆ ಸಮಾನಾಂತರವಾಗಿ 50 ಮಿ.ಮೀ. ನೈಲಾನ್ ಬಲೆ ಬಿಗಿಯಾಗಿ ಕಟ್ಟಿ, ಅಂಚನ್ನು ಮೇಲಕ್ಕೆ ತಂದು ಫ್ರೇಮಿಗೆ ಮುಚ್ಚಿ. ಅಂಚು ಸೇರಿ 200 ಚದರ ಅಡಿ. ಚದರ ಅಡಿಗೆ 12-25 ರೂ. ಹಾಕಿದರೆ 2,400ರಿಂದ 5,000. ಒಂದು ಬದಿಯನ್ನು ಕೊಕ್ಕೆಗೆ ಸಿಕ್ಕಿಸಿ ಬಿಚ್ಚುವಂತೆ ಇಡಿಸಿ, ಇಲ್ಲದಿದ್ದರೆ ಕನೆಕ್ಟರ್ ನೋಡಲು ಬಂದವರು ಬಲೆ ಕತ್ತರಿಸುತ್ತಾರೆ. ಅಳಿಲು ಕಂಡಿದ್ದರೆ ಈ ಅಗ್ಗದ ದಾರಿ ಇಲ್ಲ.

ಮೇಲಂಚಿಗೆ ಸ್ಪೈಕ್ ಬೇಕಾದರೆ 3.44 ಮೀಟರ್, ಅಂದರೆ ಸುಮಾರು ಹನ್ನೊಂದೂಕಾಲು ಅಡಿ, ಸ್ಟೀಲ್ ಮುಳ್ಳಿನದ್ದಕ್ಕೆ ಅಡಿಗೆ 80-150 ರೂ. ಅದನ್ನು ಗಾಜಿನ ಮೇಲಲ್ಲ, ಫ್ರೇಮಿನ ಹೊರಬದಿಗೆ, ಮುಳ್ಳು ಹೊರಕ್ಕೆ ವಾಲುವಂತೆ ಅಂಟಿಸಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಬೆಂಗಳೂರಿನ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ, ಉತ್ತರದ ಅಂಚಿನ ಮುಳ್ಳಿನ ನೆರಳು ಆಗ ಪ್ಯಾನೆಲ್ ಮೇಲೇ ಬೀಳುತ್ತದೆ. ಪ್ಲಾಸ್ಟಿಕ್ ಗೂಬೆ, ಹಳೆ ಸಿಡಿ, ಮಿಂಚುವ ಟೇಪ್, ಶಬ್ದದ ಯಂತ್ರ ಇವುಗಳಿಗೆ ಪಾರಿವಾಳ ಕೆಲವೇ ದಿನದಲ್ಲಿ ಒಗ್ಗಿಕೊಳ್ಳುತ್ತದೆ. ದುಡ್ಡು ಹಾಕಬೇಡಿ.

ಈ ಖರ್ಚು ಯೂನಿಟ್‌ನಿಂದ ಹಿಂತಿರುಗುತ್ತದೆಯೇ? ಶೇ. 5.5 ನಷ್ಟ ಅಂದರೆ ದಿನಕ್ಕೆ 0.7 ಯೂನಿಟ್. ಯೂನಿಟ್‌ಗೆ 6 ರೂ. ಹಿಡಿದರೆ ವರ್ಷಕ್ಕೆ 1,500 ರೂ. ಎರಡು ಭಾಗ ಹೋದರೆ 3,000ದ ಹತ್ತಿರ. ಹೆಚ್ಚುವರಿ ಯೂನಿಟ್ ಮಾರುವವರಿಗೆ ಇನ್ನೂ ಕಡಿಮೆ, ಎಸ್ಕಾಂ ಕೊಡುವ ದರ ಕೊಳ್ಳುವ ದರಕ್ಕಿಂತ ಕಡಿಮೆ. ಆದ್ದರಿಂದ 8,000ದ ಜಾಲರಿ ಬರೀ ಯೂನಿಟ್ ಲೆಕ್ಕದಲ್ಲಿ ಮೂರರಿಂದ ಐದು ವರ್ಷ ತೆಗೆದುಕೊಳ್ಳುತ್ತದೆ. ಹಿಕ್ಕೆ ಅಲ್ಲೊಂದು ಇಲ್ಲೊಂದು ಬೀಳುವ ಮನೆಗೆ ಹದಿನೈದು ದಿನಕ್ಕೊಮ್ಮೆ ತೊಳೆಯುವುದೇ ಲಾಭ. ಗೂಡು ಕಟ್ಟಿದ್ದರೆ, ತಂತಿ ಕಡಿದಿದ್ದರೆ, ಒಂದು ಸೆಲ್ ಆಗಲೇ ಕಾದಿದ್ದರೆ ಲೆಕ್ಕ ತಿರುಗುತ್ತದೆ. ಕೆಲವು ವರ್ಷ ಹಳೆಯದಾದ ಪ್ಯಾನೆಲ್‌ಗೆ ಅದೇ ಅಳತೆ, ಅದೇ ಕರೆಂಟಿನ ಜೋಡಿ ಮಾರುಕಟ್ಟೆಯಲ್ಲಿ ಸಿಗುವುದು ಕಷ್ಟ, ಒಂದು ಸುಟ್ಟರೆ ಸರಣಿಯೇ ಹೊಂದಾಣಿಕೆ ತಪ್ಪುತ್ತದೆ.

ಹಾಕಿದ ಮೇಲೆ ಕೆಡುವುದು ಎಲ್ಲಿ

ಫ್ರೇಮಿಗೆ ತೂತು ಕೊರೆದು ಸ್ಕ್ರೂ ಹಾಕಿದರೆ ಪ್ಯಾನೆಲ್ ವಾರಂಟಿ ಹೋಯಿತು. ಕೆಲಸ ಶುರುವಾಗುವ ಮೊದಲೇ "ಡ್ರಿಲ್ ಇಲ್ಲ, ಕ್ಲಿಪ್ ಮಾತ್ರ" ಎಂದು ಕೊಟೇಷನ್‌ನಲ್ಲಿ ಬರೆಸಿಕೊಳ್ಳಿ. ಬಿಳಿ ಕೇಬಲ್ ಟೈ ಬಿಸಿಲಿಗೆ ವರ್ಷದೊಳಗೆ ಪುಡಿಯಾಗುತ್ತದೆ, ಬಿಸಿಲು ತಡೆಯುವ ಕಪ್ಪು ಟೈ ಅಥವಾ ಸ್ಟೀಲ್ ಟೈ ಕೇಳಿ. ಜಾಲರಿಯ ಕತ್ತರಿಸಿದ ತುದಿ ಡಿಸಿ ತಂತಿಗೆ ತಾಗುವಂತಿದ್ದರೆ ಗಾಳಿಗೆ ಉಜ್ಜಿ ಉಜ್ಜಿ ಹೊದಿಕೆ ಹರಿಯುತ್ತದೆ, ಹಕ್ಕಿ ಮಾಡದ ಐಸೋಲೇಷನ್ ದೋಷವನ್ನು ಜಾಲರಿಯೇ ಮಾಡಿರುತ್ತದೆ. ಮೊದಲು ತಂತಿಗಳನ್ನು ಫ್ರೇಮಿಗೆ ಎತ್ತಿ ಕಟ್ಟಿ, ಆಮೇಲೆ ಜಾಲರಿ.

ಜಾಲರಿಯ ಬದಲು ಟಾರ್ಪಾಲ್ ಅಥವಾ ತಗಡು ಹೊಡೆದು ಮುಚ್ಚಬೇಡಿ. ಗಾಳಿ ಆಡದೆ ಸೆಲ್ ತಾಪ 10 ಡಿಗ್ರಿ ಏರಿದರೆ ಉತ್ಪಾದನೆ ಸುಮಾರು ಶೇ. 3.5 ಇಳಿಯುತ್ತದೆ. ಒಂದು ಬೈಪಾಸ್ ನಷ್ಟದ ಅರ್ಧಕ್ಕಿಂತ ಹೆಚ್ಚು ಹೀಗೇ ಹೋದಂತಾಯಿತು. ಮಂಗಳೂರು, ಉಡುಪಿ, ಕಾರವಾರದ ಕಡೆ ಲೇಪವಿಲ್ಲದ ಜಿಐ ಬೇಗ ತುಕ್ಕು ಹಿಡಿಯುತ್ತದೆ. ಬರೀ ಸ್ಟೀಲ್ ಜಾಲರಿಯನ್ನು ಅಲ್ಯುಮಿನಿಯಂ ಫ್ರೇಮಿಗೆ ನೇರ ತಾಗಿಸಿದರೆ ಉಪ್ಪು ಗಾಳಿಯಲ್ಲಿ ಫ್ರೇಮೇ ತಿನ್ನಲ್ಪಡುತ್ತದೆ. ಅಲ್ಲಿ ಪಿವಿಸಿ ಲೇಪದ್ದೇ ಆಗಲಿ.

ಮೊದಲ ಎರಡು ವಾರ ದಿನವೂ ಒಂದು ಸುತ್ತು ಹಾಕಿ. ಹಳೆ ಜೋಡಿ ಬಂದು ಮೂಲೆ ಮೂಲೆ ಕುಕ್ಕಿ ನೋಡುತ್ತದೆ, ಸಡಿಲ ಕ್ಲಿಪ್ ಆಗಲೇ ಸಿಗುವುದು. ಕೂಲಿಯ ಕೊನೆಯ ಸಾವಿರ ರೂಪಾಯಿಯನ್ನು ಆ ಎರಡು ವಾರದ ನಂತರ ಕೊಡುವ ಮಾತಾಡಿಕೊಳ್ಳಿ. ಮಧ್ಯಾಹ್ನದ ಡಿಸಿ ವೋಲ್ಟೇಜ್ ಮತ್ತು ಕರೆಂಟನ್ನು ಜಾಲರಿ ಹಾಕಿದ ದಿನಾಂಕದೊಂದಿಗೆ ಇನ್ವರ್ಟರ್ ಪಕ್ಕದ ಗೋಡೆಯ ಮೇಲೆ ಬರೆದಿಡಿ. ಮುಂದಿನ ಸಲ ಯೂನಿಟ್ ಇಳಿದಾಗ ಹೋಲಿಸಲು ಬೇಕಾಗುವ ಅಂಕಿ ಅದೇ.